ಗುರುತಿಲ್ಲದ ಚೌಕ

ಅರ್ಜಿ ಕೊಡಲು ಅಂದೇ ಕೊನೆಯ ದಿನ. ಮಗುವಿನ ತಾಯಿಗೆ ಮೂರು ವಾರದಿಂದ ನಿದ್ದೆ ಅರೆಬರೆ.

ಮೊದಲು ಈ ತಲೆನೋವೇ ಇರಲಿಲ್ಲ. ಕೆಲಸಕ್ಕೆ ಹೋಗುವವರ ಪುಟ್ಟ ಮಕ್ಕಳು ಬಡಾವಣೆಯ ಶಿಶುಕೇಂದ್ರಕ್ಕೆ ಹೋಗಬೇಕು, ಅಷ್ಟೇ. ಏನಾದರೂ ಎಡವಟ್ಟಾದರೆ ಬೈಯಲು ಸರ್ಕಾರವಿತ್ತು. ಈಗ ಹೊಸ ನಿಯಮ ಬಂದು ಆಯ್ಕೆ ಹೆತ್ತವರದು ಎಂದಿತ್ತು. ಶಿಶುಕೇಂದ್ರ, ನೋಂದಾಯಿತ ಆಯಾಳ ಮನೆ, ಇಲ್ಲವೇ ಮನೆಯ ಹಿರಿಯರು. ಮೂರು ಸಾಲು, ಮೂರು ಚೌಕ. ಎಡವಟ್ಟಾದರೆ ಬೈಸಿಕೊಳ್ಳಲು ಅವಳೊಬ್ಬಳೇ. ಬಸ್ ಓಡಿಸುವ ಗಂಡ, ನಿನಗೆ ಸರಿ ಕಂಡದ್ದು ಮಾಡು ಎಂದುಬಿಟ್ಟಿದ್ದ. ಅದು ನಂಬಿಕೆಯೋ ಕೈತೊಳೆದುಕೊಂಡದ್ದೋ ಎಂದು ಅವಳು ಎರಡು ದಿನ ಯೋಚಿಸಿದ್ದಳು.

ಅವಳು ಅಂಗಿ ಕಾರ್ಖಾನೆಯಲ್ಲಿ ತಪಾಸಣೆಯವಳು. ದಿನಕ್ಕೆ ಆರುನೂರು ಅಂಗಿ ಅವಳ ಮೇಜು ದಾಟುತ್ತವೆ. ಹೊಲಿಗೆ ತಪ್ಪಿದ್ದಕ್ಕೆ ಸೀಮೆಸುಣ್ಣದ ಗೀಟು. ಸರಿಯಿದ್ದದ್ದಕ್ಕೆ ಗುರುತೇ ಇಲ್ಲ, ಸುಮ್ಮನೆ ಮುಂದೆ ಹೋಗುತ್ತದೆ. ಅದೇ ಕಣ್ಣಿನಲ್ಲಿ ಎರಡು ಜಾಗಗಳನ್ನೂ ನೋಡಿ ಬಂದಿದ್ದಳು. ಆಯಾಳ ಮನೆಯ ಮಹಡಿ ಮೆಟ್ಟಿಲಿಗೆ ತಡೆಯಿರಲಿಲ್ಲ. ಕೇಂದ್ರದ ಗೋಡೆಯ ಬಣ್ಣ ಎದ್ದಿತ್ತು, ಹನ್ನೊಂದು ಮಕ್ಕಳಿಗೆ ಇಬ್ಬರೇ ಹೆಂಗಸರು. ಆದರೆ ಮೂಲೆಯಲ್ಲಿ ಒಂದು ಮಗು ಬಿಕ್ಕಿದ್ದೇ ತಡ, ಬೆನ್ನು ಹಾಕಿ ನಿಂತಿದ್ದವಳು ಥಟ್ಟನೆ ತಿರುಗಿದ್ದಳು.

ಇನ್ನು ಅತ್ತೆ. ಅವರ ಪ್ರೀತಿಯಲ್ಲಿ ಒಂದು ಎಳೆಯೂ ಸಡಿಲವಿಲ್ಲ. ಆದರೆ ಹೋದ ತಿಂಗಳು ಮಗು ಬಚ್ಚಲಲ್ಲಿ ಸಿಕ್ಕಿಕೊಂಡು ಅಳುತ್ತಿದ್ದಾಗ ಅತ್ತೆ ನಾಲ್ಕು ಹೆಜ್ಜೆ ಆಚೆ ಬಟ್ಟೆ ಮಡಿಸುತ್ತ ಕೂತಿದ್ದರು. ಆಮೇಲೆ ಅವಳು ಗಮನಿಸತೊಡಗಿದಳು. ಬಾಗಿಲ ಗಂಟೆ ಹೊಡೆದರೂ ಅತ್ತೆ ಏಳುವುದಿಲ್ಲ. ಮಾತಾಡುವವರ ತುಟಿ ನೋಡುತ್ತಾರೆ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಗಂಡನಿಗೂ.

ಬೆಳಿಗ್ಗೆ ಅವಳು ಅರ್ಜಿ ತುಂಬಿಟ್ಟು ತಲೆ ಬಾಚುತ್ತಿದ್ದಾಗ ಅತ್ತೆ ಬಂದು ತಮ್ಮ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಉಳಿದ ಸಾಲುಗಳ ಗೋಜಿಗೆ ಹೋಗಲಿಲ್ಲ. ಮುಖ ಅರಳಿತು. "ಒಳ್ಳೇದು ಮಾಡ್ದೆ ಕಣೆ," ಎಂದರು. ಹೊಣೆ ತಪ್ಪಿತೆಂದು ಅವರಿಗೂ ನಿರಾಳವಾಗಿರಬೇಕು ಎಂದುಕೊಂಡು ಅವಳು ಉಸಿರುಬಿಟ್ಟಳು. ಆದರೆ ಅತ್ತೆ ಒಳ್ಳೆಯ ಬಟ್ಟೆ ಹಾಕಿಕೊಂಡು, ಮಗುವನ್ನೂ ಎತ್ತಿಕೊಂಡು ತಾವೂ ಹೊರಟರು. ಬಸ್ಸಿನಲ್ಲಿ ಪಕ್ಕದವಳಿಗೆ, ಈ ವಯಸ್ಸಲ್ಲಿ ನನಗೆ ಸರ್ಕಾರಿ ಕೆಲಸ ಸಿಕ್ಕಿತು ನೋಡು ಎಂದು ಹೇಳಿ ನಕ್ಕರು. ತಮಾಷೆಯಿರಬೇಕು ಎಂದುಕೊಂಡಳು.

ಕಚೇರಿಯ ಗುಮಾಸ್ತ ಅರ್ಜಿಯನ್ನು ಅವಳತ್ತ ತಿರುಗಿಸಿದ. "ಎರಡಕ್ಕೆ ಗೀಟು ಹಾಕಿದೀರಲ್ಲ? ಬೇಕಾದ್ದಕ್ಕೆ ಮಾತ್ರ ಹಾಕ್ಬೇಕು. ಯಾವುದು ಹೇಳಿ, ಆಯಾನೋ ಅಜ್ಜೀನೋ?"

ಅವಳು ನೋಡಿದಳು. ಕೈ ತನ್ನ ಅಭ್ಯಾಸದಂತೆ ಬೇಡದ್ದಕ್ಕೆಲ್ಲ ಗೀಟು ಎಳೆದು, ಬೇಕಾದ ಕೇಂದ್ರದ ಚೌಕವನ್ನು ಖಾಲಿ ಬಿಟ್ಟಿತ್ತು. ಅತ್ತೆಯ ಸಂತೋಷದ ಗುಟ್ಟು ಈಗ ತಿಳಿಯಿತು.

ಅತ್ತೆ ಅವಳ ಹಿಂದೆಯೇ ಮಗುವಿಗೆ ಫ್ಯಾನ್ ತೋರಿಸುತ್ತ ನಿಂತಿದ್ದರು. ಅಜ್ಜಿ ಎಂದುಬಿಟ್ಟರೆ ಮನೆಯಲ್ಲಿ ನೆಮ್ಮದಿ. ಕೇಂದ್ರ ಎಂದು ಪಿಸುಗುಟ್ಟಿದರೂ ನಡೆದೀತು, ಅತ್ತೆಗೆ ಕೇಳಿಸದು. ಸರ್ಕಾರದವರೇ ಒಪ್ಪಲಿಲ್ಲ ಎಂದು ಆಮೇಲೆ ಹೇಳಬಹುದು. ಬೈಯಲು ಸರ್ಕಾರ ಮತ್ತೆ ಸಿಕ್ಕಂತಾಗುತ್ತದೆ.

"ಕೇಂದ್ರ," ಎಂದಳು ಮೆಲ್ಲಗೆ. ಗುಮಾಸ್ತ ಬರೆದುಕೊಂಡ. ಅತ್ತೆ ಫ್ಯಾನ್ ತೋರಿಸುತ್ತಲೇ ಇದ್ದರು.

ಅವಳಿಗೆ ತಡೆಯಲಾಗಲಿಲ್ಲ. ತಿರುಗಿ, ಸರದಿಯವರೆಲ್ಲ ನೋಡುವಷ್ಟು ಗಟ್ಟಿಯಾಗಿ ಹೇಳಿದಳು: "ಕೇಂದ್ರಕ್ಕೆ ಹಾಕಿದೀನಿ ಅತ್ತೆ. ನಾನು ಗೀಟು ಎಳೆದದ್ದು ಬೇಡ ಅಂತ. ಅವತ್ತು ಬಚ್ಚಲಲ್ಲಿ ಮಗು ಅತ್ತಿದ್ದು ನಿಮಗೆ ಕೇಳಿಸ್ಲಿಲ್ಲ."

ಅತ್ತೆ ಅವಳ ತುಟಿಯನ್ನೇ ನೋಡುತ್ತಿದ್ದರು. ಆಮೇಲೆ ಮಗುವಿನ ಸಾಕ್ಸ್ ಮೇಲೆಳೆದರು. ಅದು ಸರಿಯಾಗಿಯೇ ಇತ್ತು.

"ಯಾಕೆ ಹಾಗೆ ಕೂಗ್ತೀಯ? ನನಗೇನು ಕಿವುಡಾ?"

ಸರದಿಯಲ್ಲಿ ಯಾರೋ ನಕ್ಕರು. ಅತ್ತೆ ನಗಲಿಲ್ಲ. ಮಗುವನ್ನೆತ್ತಿಕೊಂಡು ಮುಂದೆ ನಡೆದರು. ಮೆಟ್ಟಿಲ ಬಳಿ ಮಗುವನ್ನು ಅವಳ ಕೈಗಿತ್ತು, ರಸ್ತೆ ನೋಡುತ್ತ ಕೇಳಿದರು, "ಅಲ್ಲಿ ಸಂಜೆ ಎಷ್ಟೊತ್ತಿಗೆ ಬಿಡ್ತಾರೆ? ಕರ್ಕೊಂಡು ಬರೋದಾದ್ರೂ ನಾನು ತಾನೆ?"

"ಐದಕ್ಕೆ," ಎಂದಳು.

ಅತ್ತೆ ರಸ್ತೆಯನ್ನೇ ನೋಡುತ್ತಿದ್ದರು. ಅವಳು ಎರಡು ಮೆಟ್ಟಿಲು ಇಳಿದು, ತನ್ನ ತುಟಿ ಕಾಣುವಂತೆ ನಿಂತು, ಇನ್ನೊಮ್ಮೆ ಹೇಳಿದಳು.