ಭಾನುವಾರದ ಚೆಂಡು

“ಹೊಡೀರಿ ಮೇಡಂ, ಯಾಕೆ ಸುಮ್ನೆ ನಿಂತ್ರಿ?” ಎಂದ ಟಾರ್ಕ್ವಿಲ್, ಗಾಲಿಕುರ್ಚಿಯಲ್ಲಿ ಹಿಂದಕ್ಕೆ ಒರಗಿಕೊಂಡು.

ಮಿಸ್ ಪ್ರಿಂಗಲ್ ಹುಲ್ಲಿನ ಕಡೆ ನೋಡಿದಳು. ಅಲ್ಲಿ ಚೆಂಡಿರಲಿಲ್ಲ. ಗಾಲ್ಫ್ ಕೋಲುಗಳೆಲ್ಲ ಕ್ಲಬ್ಬಿನ ತಗಡಿನ ಕೊಠಡಿಯಲ್ಲಿ ಬೀಗದ ಹಿಂದಿದ್ದವು. ಕಡಲಿನಿಂದ ಎದ್ದ ಮಂಜು ಮೈದಾನದ ಮೇಲೆ ನಿಧಾನವಾಗಿ ಹೊರಳುತ್ತಿತ್ತು. ದೂರದ ಬಾವುಟ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಸುತ್ತ ನಿಂತವರೆಲ್ಲ ಚರ್ಚಿನಿಂದ ನೇರವಾಗಿ ಬಂದವರು, ಕಪ್ಪು ಕೋಟಿನವರು. ಒಬ್ಬರ ಮುಖದಲ್ಲೂ ತಮಾಷೆಯ ಸುಳಿವಿಲ್ಲ.

“ಏನನ್ನ ಹೊಡೀಲಿ?”

“ಚೆಂಡನ್ನ. ಎಡಿನ್‌ಬರ್ಗ್‌ನಲ್ಲಿ ಬೇರೆ ಏನಾದ್ರೂ ಹೊಡೀತಾರಾ?”

ಅವಳು ಕೈ ಜೋಡಿಸಿ ಗಾಳಿಯಲ್ಲಿ ಒಮ್ಮೆ ಬೀಸಿದಳು. ಎಲ್ಲರೂ ಮಂಜಿನೊಳಗೆ ಕಣ್ಣು ಕಿರಿದು ಮಾಡಿ ನೋಡಿದರು. ಚರ್ಚಿನ ಹಿರಿಯರೂ ಕ್ಲಬ್ಬಿನ ಅಧ್ಯಕ್ಷರೂ ಆದ ಫಿನ್ಲೆ ಗಂಟಲು ಸರಿಮಾಡಿಕೊಂಡು, “ಬಲಕ್ಕೆ ಹೋಯ್ತಮ್ಮ. ಕುರಿಗಳ ಮಧ್ಯೆ,” ಎಂದರು.

ನಮ್ಮ ದ್ವೀಪದಲ್ಲಿ ಭಾನುವಾರ ಕೆಲಸವಿಲ್ಲ, ಆಟವಿಲ್ಲ, ದೋಣಿಯೂ ಇಲ್ಲ. ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದರೆ ಪಕ್ಕದ ಮನೆಯ ಕಿಟಕಿ ಕೆಮ್ಮುತ್ತದೆ. ಆದರೆ ನಡೆಯಬಾರದು ಎಂದು ಯಾರೂ ಹೇಳಿಲ್ಲ, ನಡೆಯುತ್ತ ಮನಸ್ಸಿನಲ್ಲಿ ಚೆಂಡು ಹೊಡೆಯಬಾರದು ಎಂದೂ ಹೇಳಿಲ್ಲ. ನಮ್ಮ ಅಜ್ಜಂದಿರ ಕಾಲದಿಂದ ಹೀಗೇ ಒಂಬತ್ತು ಗುಳಿಗಳನ್ನೂ ಬರಿಗೈಯಲ್ಲಿ ಸುತ್ತುತ್ತ ಬಂದಿದ್ದೇವೆ. ನಿಯಮ ಒಂದೇ. ಹೊಡೆದವನು ತನ್ನ ಚೆಂಡು ಎಲ್ಲಿ ಬಿತ್ತೆಂದು ತಾನೇ ಹೇಳಬಾರದು. ಜೊತೆಗಿದ್ದವರು ಅವನ ಭುಜ, ಸೊಂಟ, ಕೈಬೀಸು ನೋಡಿ ಹೇಳಬೇಕು. ಭಾನುವಾರ ಯಾರೂ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮೇಲೆ ಇಡೀ ಆಟ ನಿಂತಿತ್ತು.

ಟಾರ್ಕ್ವಿಲ್‌ನ ಅಕ್ಕ ಇಷ್ಬೆಲ್ ಸ್ವಲ್ಪ ಹಿಂದೆ ನಡೆಯುತ್ತಿದ್ದಳು. ಅವಳಿಗೆ ಆಟದ ಮೇಲೆ ಗಮನವಿರಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ಅವಳೇ. ಬಡವರೂ ಅಂಗವಿಕಲರೂ ಗಾಲ್ಫ್ ಆಡುವಂತಾಗಲಿ ಎಂದು ಹಣ ಕೊಡುವ ನಿಧಿಯೊಂದಕ್ಕೆ ಅವಳು ಮೂರನೆಯ ಸಲ ಅರ್ಜಿ ಹಾಕಿದ್ದಳು. ಶಾಲೆಯ ಮಕ್ಕಳಿಗೆ ಎರವಲು ಕೋಲುಗಳು, ಕೆಲಸವಿಲ್ಲದವರಿಗೆ ಶುಲ್ಕ ಮಾಫಿ, ಹೀಗೆ ಏನೇನೋ ಕೇಳಿದ್ದಳು. ಆದರೆ ಅವಳ ಜೀವ ಇದ್ದದ್ದು ಒಂದೇ ಒಂದು ವಸ್ತುವಿನ ಮೇಲೆ: ಕೂತವರನ್ನು ಪಟ್ಟಿ ಬಿಗಿದು ಮೆಲ್ಲಗೆ ಎತ್ತಿ ನಿಲ್ಲಿಸುವ ಒಂದು ಕುರ್ಚಿ. ಅದರಲ್ಲಿ ನಿಂತು ಕೋಲು ಬೀಸಬಹುದು. ಏಳು ವರ್ಷದ ಹಿಂದೆ ಟ್ರ್ಯಾಕ್ಟರ್ ಮಗುಚಿದ ಮೇಲೆ ತಮ್ಮ ನಿಂತದ್ದನ್ನು ಅವಳು ಕನಸಿನಲ್ಲಿ ಮಾತ್ರ ನೋಡಿದ್ದಳು.

ಮೈದಾನ ನೋಡಲು ನಿಧಿಯ ಕಡೆಯಿಂದ, ಎಡಿನ್‌ಬರ್ಗ್‌ನಿಂದ, ಶನಿವಾರದ ದೋಣಿಯಲ್ಲಿ ಬಂದವಳೇ ಈ ಮಿಸ್ ಪ್ರಿಂಗಲ್. ಸಂಜೆ ಇಷ್ಬೆಲ್‌ಳ ಮನೆಯಲ್ಲಿ ಚಹಾ ಕುಡಿಯುತ್ತ, ಎಲ್ಲವೂ ಚೆನ್ನಾಗಿದೆ, ಒಂದೇ ತೊಡಕು ಎಂದಿದ್ದಳು. ಮೈದಾನ ವಾರದ ಏಳೂ ದಿನ ಎಲ್ಲರಿಗೂ ತೆರೆದಿರಬೇಕು, ಅದು ನಿಧಿಯ ಷರತ್ತು. ಸೋಮವಾರ ದೋಣಿ ಹತ್ತುವ ಮೊದಲು ಅವಳಿಗೆ ಉತ್ತರ ಬೇಕು.

ಆಗ ಅಲ್ಲೇ ಕೂತಿದ್ದ ಫಿನ್ಲೆ ಬಟ್ಟಲು ಕೆಳಗಿಟ್ಟು, “ಮೈದಾನ ತೆಗಿ ಇಷ್ಬೆಲ್. ನಿನ್ನ ತಮ್ಮನಿಗೋಸ್ಕರ ಅಲ್ವಾ? ಭಾನುವಾರ ನಾವು ಪರದೆ ಎಳ್ಕೊಂಡು ಮನೇಲಿರ್ತೀವಿ,” ಎಂದಿದ್ದರು.

“ಮತ್ತೆ ನಿಮ್ಮ ನಡಿಗೆ?” ಎಂದಿದ್ದಳು ಇಷ್ಬೆಲ್.

“ನಿಜವಾದ ಚೆಂಡು ತಲೆ ಮೇಲೆ ಹಾರ್ತಿರುವಾಗ ನಮ್ಮದನ್ನ ಎಲ್ಲಿ ಅಂತ ಹುಡುಕೋಣ?”

ಬೈದಿದ್ದರೆ ಅವಳು ಎದುರು ವಾದಿಸುತ್ತಿದ್ದಳು. ಒಪ್ಪಿಬಿಟ್ಟರಲ್ಲ, ಅದಕ್ಕೇ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಈಗ ನಾಲ್ಕನೆಯ ಗುಳಿಯ ದಾರಿಯಲ್ಲಿ ತೊರೆ ಅಡ್ಡ ಬಂತು. ನೀರು ಕಾಣುತ್ತಿರಲಿಲ್ಲ, ಮಂಜಿನ ಕೆಳಗೆ ಅದರ ಮಾತು ಮಾತ್ರ ಕೇಳುತ್ತಿತ್ತು. ಎಲ್ಲಿಂದಲೋ ಒಂದು ಬಾನಾಡಿ ಹಾಡುತ್ತಿತ್ತು. ಆ ಹೊತ್ತಿನಲ್ಲಿ ಯಾರು ದಿಟ, ಯಾರು ನೆನಪು ಎಂದು ಹೇಳಲಾಗದಂತೆ ಎಲ್ಲರ ಅಂಚುಗಳೂ ಮಸುಕಾಗಿದ್ದವು.

ಟಾರ್ಕ್ವಿಲ್ ಗಾಲಿಗಳಿಗೆ ತಡೆ ಹಾಕಿ, ಮೈ ತಿರುಗಿಸಿ, ಎರಡೂ ತೋಳು ಎತ್ತಿ ಬೀಸಿದ.

“ಈ ಸಲ ಮೇಡಂ ಹೇಳ್ಲಿ,” ಎಂದ.

ತೊರೆಯ ಆಚೆ ಎಂದು ಹೇಳಲು ಬಾಯಿ ತೆರೆದಿದ್ದ ಇಷ್ಬೆಲ್ ತಡೆದುಕೊಂಡಳು. ಪ್ರತಿ ಭಾನುವಾರ ಆ ಮಾತನ್ನು ಮೊದಲು, ಗಟ್ಟಿಯಾಗಿ ಹೇಳುವವಳು ಅವಳೇ. ಮಿಸ್ ಪ್ರಿಂಗಲ್ ಪಾಪ, ನಿಯಮವನ್ನು ನಂಬಿದ್ದಳು. ಅವನ ಭುಜ ನೋಡಿದಳು, ಮಂಜು ನೋಡಿದಳು, ಕಿವಿಗೊಟ್ಟು ಕೇಳಿದಳು.

“ನೀರಿಗೆ ಬಿತ್ತು,” ಎಂದಳು.

ಇಷ್ಬೆಲ್‌ಗೆ ಅವಳ ಕುತ್ತಿಗೆ ಹಿಸುಕಬೇಕೆನಿಸಿತು. ಅಷ್ಟರಲ್ಲಿ ಟಾರ್ಕ್ವಿಲ್ ನಗತೊಡಗಿದ. ಹೊಟ್ಟೆಯಿಂದ ಬಂದ ನಗು ಅದು. ಗಾಲಿಕುರ್ಚಿ ಕಿರುಗುಟ್ಟಿತು, ಕುರಿಗಳು ತಲೆಯೆತ್ತಿದವು.

“ಏಳು ವರ್ಷ,” ಎಂದ, ಕಣ್ಣೊರೆಸಿಕೊಳ್ಳುತ್ತ. “ಏಳು ವರ್ಷದಲ್ಲಿ ಒಂದು ಸಲಾನಾದ್ರೂ ನನ್ನ ಚೆಂಡನ್ನ ನೀರಿಗೆ ಹಾಕಿದ್ರಾ ನೀವು? ಕಾಲು ನೆಟ್ಟಗಿದ್ದಾಗ ನಾನು ಈ ತೊರೆಗೆ ಸುರಿದ ಚೆಂಡಲ್ಲಿ ಒಂದು ಅಂಗಡಿ ಇಡಬಹುದಿತ್ತು. ಫಿನ್ಲೆ, ನೀವು ಚರ್ಚಿನ ಹಿರಿಯರು. ನಿಜ ಹೇಳಿ. ಎಲ್ಲಿ ಬೀಳ್ತಿತ್ತು?”

ಫಿನ್ಲೆ ಟೋಪಿ ತೆಗೆದರು. “ಬಹಳ ಸಲ ನೀರಿಗೇ ಮಗಾ. ದೇವರಿಗೆ ಗೊತ್ತು.”

“ದೇವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಿಮಗೇ ಹೇಳೋಕೆ ಬಾಯಿ ಬರ್ಲಿಲ್ಲ.”

ಇಷ್ಬೆಲ್‌ಳ ಮುಖ ಸುಟ್ಟಂತಾಯಿತು. ಪ್ರೀತಿಯಿಂದಲೇ ಮಾಡಿದ್ದು, ಆದರೂ ಆ ಏಳು ವರ್ಷ ಅವನು ಎಷ್ಟು ಒಂಟಿಯಾಗಿ ಆಡಿದ್ದ ಎಂಬುದು ಈಗ ಹೊಳೆಯಿತು. ಇನ್ನೊಂದೂ ಹೊಳೆಯಿತು. ಮೂರು ಅರ್ಜಿ ಬರೆದಿದ್ದಳು, ತಮ್ಮನನ್ನು ಒಂದು ಮಾತು ಕೇಳಿರಲಿಲ್ಲ.

“ಟಾರ್ಕ್ವಿಲ್, ಆ ಕುರ್ಚಿ ನಿನಗೆ ಬೇಕೋ ಬೇಡ್ವೋ?”

“ಬೇಕು ಕಣೇ. ಯಾಕೆ ಬೇಡ? ಒಂದು ಸೋಮವಾರ ನಿಂತ್ಕೊಂಡು, ಎಲ್ಲರೆದುರಿಗೆ, ನಿಜವಾದ ಚೆಂಡು ಕಳ್ಕೋಬೇಕು ನಾನು.” ಅವನು ಮಂಜಿನಲ್ಲಿ ಅರೆಬರೆ ಕಾಣುತ್ತಿದ್ದ ಕಪ್ಪು ಕೋಟುಗಳನ್ನು ಒಮ್ಮೆ ನೋಡಿದ. “ಆದ್ರೆ ಇವರನ್ನೆಲ್ಲ ಮನೇಲಿ ಕೂರಿಸಿ ಬೇಡ. ಹಾಗೆ ಬರೋದಾದ್ರೆ ಬರೋದೇ ಬೇಡ.”

ಇಷ್ಬೆಲ್ ಮಿಸ್ ಪ್ರಿಂಗಲ್ ಕಡೆ ತಿರುಗಿದಳು. “ನಾಳೆವರೆಗೂ ಕಾಯೋದು ಬೇಡ. ಭಾನುವಾರ ನಾವು ತೆಗಿಯಲ್ಲ. ಹಾಗಂತಲೇ ಬರ್ಕೊಳ್ಳಿ.”

ಏಳು ವರ್ಷದ ಆಸೆ ಒಂದು ಮಾತಿನಲ್ಲಿ ಹೋಯಿತು. ಆದರೂ ಅವಳಿಗೆ ಮೈ ಹಗುರವಾದಂತೆನಿಸಿತು.

“ತೆಗಿಯಲ್ವಾ?” ಮಿಸ್ ಪ್ರಿಂಗಲ್ ಗೊಂದಲದಿಂದ ಸುತ್ತ ನೋಡಿದಳು. “ಮತ್ತೆ ನನ್ನ ಚೆಂಡು ಇನ್ನೂ ಕುರಿಗಳ ಮಧ್ಯೆ ಬಿದ್ದಿದೆಯಲ್ಲ?”

“ಬಿದ್ದಿದೆ,” ಎಂದರು ಫಿನ್ಲೆ. ಭಾನುವಾರ ಬೇರೇನು ಹೇಳಿಯಾರು?

“ನಾನು ಯಾವತ್ತೂ ಗಾಲ್ಫ್ ಆಡಿದವಳಲ್ಲ. ಇವತ್ತು ಯಾರೂ ನನ್ನನ್ನ ನೀನ್ಯಾರು ಅಂತ ಕೇಳ್ಲಿಲ್ಲ, ದುಡ್ಡು ಕೇಳ್ಲಿಲ್ಲ, ಕೋಲಿದೆಯಾ ಅಂತ ಕೇಳ್ಲಿಲ್ಲ. ಎಲ್ಲರಿಗೂ ತೆರೆದಿರೋದು ಅಂದ್ರೆ ಇನ್ನೇನು?” ಅವಳು ಒದ್ದೆಯಾದ ಕೂದಲನ್ನು ಹಿಂದಕ್ಕೆ ತಳ್ಳಿದಳು. “ನಾನು ಕಂಡದ್ದನ್ನ ಕಂಡ ಹಾಗೆ ಬರೀತೀನಿ. ಕೊಡೋದು ಬಿಡೋದು ನಿಧಿಯ ದೊಡ್ಡವರಿಗೆ ಸೇರಿದ್ದು.”

ಟಾರ್ಕ್ವಿಲ್ ಕುರ್ಚಿಯನ್ನು ತೊರೆಯ ದಂಡೆಯವರೆಗೆ ನೂಕಿಕೊಂಡು ಹೋದ.

“ನೀರಿಗೆ ಬಿದ್ರೆ ಒಂದು ಹೊಡೆತ ದಂಡ,” ಎಂದರು ಫಿನ್ಲೆ, ಟೋಪಿ ಹಾಕಿಕೊಳ್ಳುತ್ತ. ಅವರ ದನಿಯಲ್ಲಿ ಹಳೆಯ ಗತ್ತು ಮರಳಿತ್ತು. “ಹೊಸ ಚೆಂಡನ್ನ ಮೊಣಕಾಲಿನ ಎತ್ತರದಿಂದ ಬಿಡಬೇಕು.”

“ಗೊತ್ತು, ಗೊತ್ತು.”

ಟಾರ್ಕ್ವಿಲ್ ಕುರ್ಚಿಯ ಪಕ್ಕಕ್ಕೆ ಬಾಗಿ ತೋಳು ಚಾಚಿ ಮುಷ್ಟಿ ಬಿಚ್ಚಿದ. ಅಲ್ಲಿ ನೆಲ ತೊರೆಯ ಕಡೆಗೆ ಸ್ವಲ್ಪ ಇಳಿಜಾರು. ಎಲ್ಲರ ಜೊತೆ ಇಷ್ಬೆಲ್ ಕೂಡ ಹುಲ್ಲಿನ ಮೇಲೆ ಕಣ್ಣಿಟ್ಟು, ಆ ಕಾಣದ ಚೆಂಡು ಉರುಳಿ ನಿಲ್ಲುವವರೆಗೆ ಕಾದಳು.