ಹನ್ನೆರಡು-ಹದಿಮೂರರ ಜಾಗ

ಕೆಂಪು, ಅಷ್ಟೇ ಕಣ್ಣಿಗೆ ಬಿದ್ದದ್ದು, ಹಳಿಯ ಪಕ್ಕದ ಮನೆಯವರು ತಂತಿಗೆ ಹಾಕಿದ ಸೀರೆಯೋ ಲಂಗವೋ, ರೈಲು ರಾಜಾನುಕುಂಟೆ ಬಿಟ್ಟು ವೇಗ ಹಿಡಿಯುವಷ್ಟರಲ್ಲಿ ಹಿಂದೆ ಹೋಯಿತು, ಸೀರೆ ಹೋದರೂ ಕೆಂಪು ಹೋಗಲಿಲ್ಲ, ಬೆಳಿಗ್ಗೆ ಬೆಂಗಳೂರಿನ ಅಂಗಡಿಯಲ್ಲಿ ಆ ಸೇಲ್ಸಿನವನು ತೋರಿಸಿದ ಕೆಂಪು, ನೋಡಿ ಬ್ರದರ್, ಮೇಲೆ ಕಪ್ಪು ಫೋಮು, ಅಡೀಲಿ ಕೆಂಪು ಫೋಮು, ಒಂದೊಂದು ಸಾಮಾನಿಗೂ ಅದರದೇ ಅಚ್ಚು ಕೊರೆದಿದೆ, ಸಂಜೆ ಬೀಗ ಹಾಕೋ ಮುಂಚೆ ಒಂದ್ಸಲ ಕಣ್ಣಾಡಿಸಿದ್ರೆ ಆಯ್ತು, ಯಾವ್ದು ವಾಪಸ್ ಬಂದಿಲ್ವೋ ಅಲ್ಲಿ ಕೆಂಪಗೆ ಕಾಣತ್ತೆ, ಎನ್ನುತ್ತ ಸಾಲಿನ ನಡುವಿನಿಂದ ಒಂದನ್ನು ಎತ್ತಿ ಹಿಡಿದ, ಅಷ್ಟೊಂದು ಸಾಮಾನಿನಲ್ಲಿ ಅವನ ಕೈಗೆ ಅದೇ ಸಿಗಬೇಕಾ, ಒಂದು ತುದಿ ಹನ್ನೆರಡು, ಇನ್ನೊಂದು ತುದಿ ಹದಿಮೂರು, ರಿಂಗ್ ಸ್ಪ್ಯಾನರ್, ಅದು ಇದ್ದ ಜಾಗದಲ್ಲಿ ಸ್ಪ್ಯಾನರಿನದೇ ಆಕಾರದಲ್ಲಿ ಕೆಂಪು ಬಾಯಿ ಬಿಟ್ಟಿತು, ನಾನು ಬೆಲೆ ಕೇಳುವುದನ್ನೂ ಮರೆತು ಇದೇ ಕೊಡಿ ಅಂದುಬಿಟ್ಟೆ, ಮೂರು ಅಂಗಡಿ ತಿರುಗಿ ಚೌಕಾಸಿ ಮಾಡಬೇಕು ಎಂದು ಮನೆಯಿಂದ ಹೊರಟವನು, ಭಲೇ ವೇಣು, ವ್ಯಾಪಾರ ಅಂದರೆ ನಿನ್ನನ್ನು ನೋಡಿ ಕಲಿಯಬೇಕು. ಪೆಟ್ಟಿಗೆ ಈಗ ಕಾಲುಗಳ ನಡುವೆ ಕೂತಿದೆ, ಎತ್ತಿದರೆ ಭುಜ ಕಿತ್ತು ಬರುವ ಭಾರ, ಎದುರಿನ ಸೀಟಿನ ಅಜ್ಜಿ ಆಗಿನಿಂದ ಅದನ್ನೇ ನೋಡುತ್ತಿದ್ದಾಳೆ, ಹಿಂದೂಪುರಕ್ಕೆ ಮಗಳ ಮನೆಗೆ ಹೊರಟವಳು, ಏನಪ್ಪಾ ಅದು, ಹಾರ್ಮೋನಿಯಂ ಪೆಟ್ಟಿಗೆನಾ, ಅಲ್ಲ ಅಜ್ಜಿ, ಟೂಲ್ಸು, ಟ್ರ್ಯಾಕ್ಟರ್ ರಿಪೇರಿ ಮಾಡೋ ಸಾಮಾನು, ಗೌರಿಬಿದನೂರಲ್ಲಿ ಅಂಗಡಿ ಹಾಕ್ತಿದೀನಿ, ಬರೋ ಶುಕ್ರವಾರ, ಓಹೋ ಒಳ್ಳೇದಾಗ್ಲಪ್ಪ, ಎಲ್ಲಿಳೀತೀಯ, ಎಂದಳು, ಇಷ್ಟು ಸುಲಭದ ಪ್ರಶ್ನೆಗೆ ನನ್ನ ಬಾಯಿ ಕಟ್ಟಿತು, ತೊಂಡೇಬಾವಿಯಲ್ಲಿ ಇಳಿಯಬೇಕು, ಇಳಿಯದೆ ಹಾಗೇ ಕೂತರೆ ಮುಂದಿನದೇ ಗೌರಿಬಿದನೂರು, ನಮ್ಮೂರು, ಅಮ್ಮ ಸಾರು ಮಾಡಿಟ್ಟು ಕಾಯುತ್ತಿರುತ್ತಾಳೆ. ನೋಡಬೇಕು ಅಜ್ಜಿ, ಅಂದೆ. ಅವಳು ನಕ್ಕಳು, ಇಳಿಯೋ ಊರು ಗೊತ್ತಿಲ್ದೆ ರೈಲು ಹತ್ತೋರ್ನ ಇವತ್ತೇ ನೋಡಿದ್ದು ನಾನು.

ಗೊತ್ತಿದೆ, ಗೊತ್ತಿರುವುದೇ ಕಷ್ಟ. ತೊಂಡೇಬಾವಿಯಲ್ಲಿ ನಲ್ಲಪ್ಪ ಮೇಸ್ತ್ರಿ ಇದ್ದಾರೆ, ನನಗೆ ಸ್ಪ್ಯಾನರ್ ಹಿಡಿಯಲು ಕಲಿಸಿದ ಕೈ, ಅವರ ಕೈಕೆಳಗೆ ಕಲಿತವರಲ್ಲಿ ಒಂದು ಪದ್ಧತಿ, ಯಾರೇ ಸ್ವಂತಕ್ಕೆ ಸಾಮಾನು ಕೊಂಡರೂ ಮೊದಲು ಮೇಸ್ತ್ರಿ ಮುಂದೆ ಇಡಬೇಕು, ಅವರು ಅದರಲ್ಲೊಂದನ್ನು ಎತ್ತಿಕೊಂಡು ಯಾವುದಾದರೂ ಹಳೇ ಬೋಲ್ಟನ್ನು ಸಡಿಲ ಮಾಡಬೇಕು, ಬಿಗಿ ಮಾಡುವುದಲ್ಲ, ಸಡಿಲ ಮಾಡುವುದು, ಬಿಗಿ ಮಾಡೋದು ಎಲ್ರಿಗೂ ಬರತ್ತೆ ಕಣ್ರೋ, ಬಿಚ್ಚೋದು ಕಲೀರಿ, ಎನ್ನುತ್ತಿದ್ದರು, ಅವರ ಕೈ ತಾಕದ ಸಾಮಾನು ಹಿಡಿದು ನಮ್ಮಲ್ಲಿ ಯಾರೂ ಅಂಗಡಿ ತೆರೆದಿಲ್ಲ. ಅವರ ಸಾಮಾನೋ, ಒಂದು ಗೋಣಿಚೀಲ, ಬೆಳಿಗ್ಗೆ ನೆಲಕ್ಕೆ ಸುರಿದರೆ ಗುಡ್ಡೆ, ಸಂಜೆ ಬಾಚಿ ತುಂಬುವುದು, ಅದರಲ್ಲಿ ಕೈಯಾಡಿಸಿ ನೋಡದೆಯೇ ಬೇಕಾದ ನಂಬರು ತೆಗೆಯುತ್ತಿದ್ದರು, ಆಗಲೇ ಸಕ್ಕರೆ ಕಾಯಿಲೆಗೆ ಕಣ್ಣು ಮಂಜಾಗಿತ್ತು, ಬೆರಳು ಮಂಜಾಗಿರಲಿಲ್ಲ. ಮತ್ತೆ ಆ ಮಾತು, ಯಾವ ಇಂಜಿನ್ ಮುಚ್ಚುವ ಮುಂಚೆಯೂ ಕೇಳುತ್ತಿದ್ದ ಒಂದೇ ಮಾತು, ಎಲ್ಲಾ ಬಂತಾ, ಅಂದರೆ ಒಳಗೆ ಹೋದ ಸಾಮಾನೆಲ್ಲ ಹೊರಗೆ ಬಂತಾ, ನಾವು ಎಣಿಸಿ ನೋಡಿ ಬಂತು ಮೇಸ್ತ್ರಿ ಅನ್ನಬೇಕು, ಅಂದಮೇಲೇ ಮುಚ್ಚುವುದು. ಐಟಿಐ ಮುಗಿಸಿ ಸೇರಿದವನು ನಾನು, ಮೊದಲ ಸಂಬಳದಲ್ಲಿ ಸ್ವಂತಕ್ಕೆ ಅಂತ ಕೊಂಡದ್ದು ಒಂದೇ ಒಂದು ಸಾಮಾನು, ಹನ್ನೆರಡು-ಹದಿಮೂರು ರಿಂಗ್, ಗುಡ್ಡೆಯಲ್ಲಿ ಕಲೆತು ಹೋಗದಿರಲಿ ಎಂದು ಅರ ಹಿಡಿದು ಹಿಡಿಯ ಮೇಲೆ ಎರಡು ಗೀಟು ಹಾಕಿದ್ದೆ, ಪಕ್ಕಪಕ್ಕ, ಮಲಗುವಾಗಲೂ ಅದು ದಿಂಬಿನ ಕೆಳಗೆ, ಅಮ್ಮ ನಗುತ್ತಿದ್ದಳು, ಸ್ಪ್ಯಾನರ್‌ನೇ ಮದ್ವೆಯಾಗ್ಬಿಡಪ್ಪ ಅತ್ಲಾಗೆ.

ನಗರಗೆರೆಯ ವೆಂಕಟರಾಯಪ್ಪನವರ ಟ್ರ್ಯಾಕ್ಟರ್ ಅದು, ಮೂರು ವರ್ಷದ ಹಿಂದೆ, ಜೋಳದ ಬಿತ್ತನೆ ಶುರುವಾಗುವ ಹೊತ್ತು, ಕ್ಲಚ್ ಪ್ಲೇಟ್ ಬದಲಾಯಿಸಬೇಕಿತ್ತು, ಅದಕ್ಕೆ ಟ್ರ್ಯಾಕ್ಟರನ್ನು ಸೊಂಟದಲ್ಲಿ ಬಿಚ್ಚಿ ಎರಡು ಹೋಳು ಮಾಡಬೇಕು, ಮೇಸ್ತ್ರಿ ಊಟಕ್ಕೆ ಹೋಗಿದ್ದರು, ಒಳಗಿನ ಬೋಲ್ಟುಗಳನ್ನು ಬಿಗಿ ಮಾಡಿದವನು ನಾನು, ನನ್ನ ಸ್ಪ್ಯಾನರಿನಲ್ಲೇ, ಅದೊಂದು ಜಂಬ, ಅಷ್ಟರಲ್ಲಿ ಜೇಬಿನಲ್ಲಿ ಫೋನು, ಕೈ ಒರೆಸಿಕೊಳ್ಳಲು ಸ್ಪ್ಯಾನರನ್ನು ಕ್ಲಚ್ ಸುತ್ತಲಿನ ಎರಕದ ಕವಚ, ಆ ಹೌಸಿಂಗಿನ ಒಳಗೆ ತಳದಲ್ಲಿ ಇಟ್ಟೆ, ಇಟ್ಟದ್ದು ಈಗಲೂ ಕಣ್ಣಿಗೆ ಕಟ್ಟಿದೆ, ಯಾರ ಫೋನು ಎಂಬುದು ಮಾತ್ರ ನೆನಪಿಲ್ಲ, ನೋಡು ತಮಾಷೆ. ಮೇಸ್ತ್ರಿ ಬಂದರು, ಎರಡು ಹೋಳನ್ನೂ ಹತ್ತಿರ ತಳ್ಳಿದೆವು, ಎಲ್ಲಾ ಬಂತಾ, ಅಂದರು, ನಾನು ತಿರುಗಿಯೂ ನೋಡದೆ ಬಂತು ಮೇಸ್ತ್ರಿ ಅಂದೆ. ಎರಡೇ ದಿನ. ಹೊಲದ ನಡುವೆ ಗಡಗಡ ಸದ್ದು ಬಂದು ಟ್ರ್ಯಾಕ್ಟರ್ ನಿಂತಿತಂತೆ, ಎಳೆದು ತಂದರು, ಹೌಸಿಂಗ್ ಸೀಳಿತ್ತು, ಆ ಸೀಳು ನೋಡಿದ ತಕ್ಷಣ ನನಗೆ ಗೊತ್ತಾಯಿತು, ಎರಡು ದಿನದಿಂದ ಸ್ಪ್ಯಾನರ್ ಹುಡುಕುತ್ತಿದ್ದೆನಲ್ಲ. ವೆಂಕಟರಾಯಪ್ಪನವರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು, ಮೇಸ್ತ್ರಿ ತಾವೇ ಬಿಚ್ಚಿದರು, ಒಳಗೆ ಕೈ ಹಾಕಿ ಏನನ್ನೋ ತೆಗೆದು, ಎರಡು ಸಲ ಬೆರಳಾಡಿಸಿ, ಖಾಕಿ ಅಂಗಿಯ ಜೇಬಿಗೆ ಇಳಿಸಿ, ನನ್ನದೇ ತಪ್ಪು ಕಣಪ್ಪ, ಸ್ಪ್ಯಾನರ್ ಒಳಗೇ ಬಿಟ್ಬಿಟ್ಟಿದೀನಿ, ಹೌಸಿಂಗ್ ನಾನು ಹಾಕಿಸ್ಕೊಡ್ತೀನಿ, ಅಂದರು. ಕಣ್ಣು ಕಾಣಲ್ಲ ಅಂದ್ರೆ ಮನೇಲಿರ್ಬಾರ್ದೇನ್ರಿ, ನನ್ನ ಬಿತ್ತನೆ ಯಾರು ಕೊಡ್ತಾರೆ ಈಗ, ಎಂದು ಅವರು ರೇಗಿದರು, ಅಲ್ಲಿ ಟೀ ಕುಡಿಯುತ್ತ ನಿಂತವರೆಲ್ಲ ಕೇಳಿಸಿಕೊಂಡರು, ನಾನೂ ಕೇಳಿಸಿಕೊಂಡೆ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಬಾಯಲ್ಲಿ ನಾಲಗೆ ಇದ್ದರೂ ಇಲ್ಲದವನ ಹಾಗೆ.

ಮಾಕಳಿದುರ್ಗ ಬಂತು, ಬಂಡೆ, ಬಂಡೆಯ ನೆರಳು, ರೈಲು ಬಳಸಿಕೊಂಡು ತಿರುಗುತ್ತದೆ, ಇನ್ನೊಂದೇ ಸ್ಟೇಷನ್. ಆಮೇಲೆ ಏನಾಯಿತು, ನಲ್ಲಪ್ಪನಿಗೆ ಕಣ್ಣು ಹೋಯ್ತಂತೆ ಎಂದು ಊರೂರು ಸುದ್ದಿಯಾಯಿತು, ಟ್ರ್ಯಾಕ್ಟರುಗಳು ಬೇರೆ ಕಡೆ ತಿರುಗಿದವು, ಯುಗಾದಿಯ ಹೊತ್ತಿಗೆ ಅಂಗಡಿಗೆ ಬೀಗ, ಮೇಸ್ತ್ರಿ ತೊಂಡೇಬಾವಿಯ ಮನೆ ಸೇರಿದರು, ನಾನು ಕುಡುಮಲಕುಂಟೆಯ ಫ್ಯಾಕ್ಟರಿ ಸೇರಿದೆ, ಮೆಂಟೆನೆನ್ಸು, ಅಲ್ಲಿ ಸಾಮಾನೆಲ್ಲ ಕಂಪನಿಯದು, ಸಹಿ ಹಾಕಿ ತಗೋ, ಸಹಿ ಹಾಕಿ ಕೊಡು, ಒಂದು ಕಡಿಮೆಯಾದರೂ ಗೇಟು ದಾಟಿಸುವುದಿಲ್ಲ, ಪ್ರತಿ ಸಂಜೆ ಆ ಸಹಿ ಹಾಕುವಾಗ ಕೇಳಿಸುತ್ತಿತ್ತು, ಎಲ್ಲಾ ಬಂತಾ. ಹಬ್ಬಕ್ಕೊಮ್ಮೆ ಹೋಗಿ ಬರುತ್ತಿದ್ದೆ, ಅರ್ಧ ಕೇಜಿ ಬೇಕರಿ ಖಾರ, ಎರಡು ಬಾಳೆಹಣ್ಣಿನ ಚಿಪ್ಪು, ಮಾತು ಗಂಟಲ ತನಕ ಬರುವುದು, ಅಷ್ಟರಲ್ಲಿ ಮೇಸ್ತ್ರಿಯ ಹೆಂಡತಿ ರಾಮಲಕ್ಷ್ಮಮ್ಮ ಕಾಫಿ ತರುವರು, ಮಾತು ಕಾಫಿಯ ಜೊತೆ ಕೆಳಗಿಳಿಯುವುದು. ತಾನೇ ಬಿಟ್ಟೆ ಎಂದು ಅವರು ನಿಜವಾಗಿಯೂ ನಂಬಿದ್ದಾರೆ, ಮಂಜುಗಣ್ಣಿಗೆ ಆ ಗೀಟು ಎಲ್ಲಿ ಕಾಣಬೇಕು, ಕಣ್ಣು ಹೋಯಿತು ಎಂದು ಮೂರು ವರ್ಷದಿಂದ ಒಳಗೊಳಗೇ ಕೊರಗುತ್ತಿದ್ದಾರೆ, ಅದನ್ನು ತೆಗೆಯಬಲ್ಲವನು ನಾನೊಬ್ಬನೇ, ತೆಗೆದಿಲ್ಲ, ನಾಚಿಕೆಯಾಗುತ್ತದೆ, ಈ ಪೆಟ್ಟಿಗೆ ನೋಡಿದರೂ ನಾಚಿಕೆಯಾಗುತ್ತದೆ. ಹೇಳಿದರೆ ಏನಾಗುತ್ತದೆ, ಸಾಮಾನು ಮುಟ್ಟುವುದಿಲ್ಲ ಅನ್ನಬಹುದು, ಬಾಗಿಲಾಚೆ ನಡಿ ಅನ್ನಬಹುದು, ಶುಕ್ರವಾರ ಅಂಗಡಿ, ಬೋರ್ಡು ಬರೆಸಿ ಆಗಿದೆ, ವೇಣು ಟ್ರ್ಯಾಕ್ಟರ್ ವರ್ಕ್ಸ್, ಹಳದಿಯ ಮೇಲೆ ನೀಲಿ, ಚೀಟಿ ಎತ್ತಿದ ದುಡ್ಡೆಲ್ಲ ಈ ಪೆಟ್ಟಿಗೆಯೊಳಗಿದೆ, ಇಳಿಯದೆ ಕೂತರೆ ಯಾರೂ ಕೇಳುವುದಿಲ್ಲ, ಕೇಳಿದರೂ ಮೇಸ್ತ್ರಿಗೆ ಹುಷಾರಿರಲಿಲ್ಲ ಎಂದರೆ ಆಯಿತು — ಬ್ರೇಕು ಕಿರ್ರೆಂದಿತು, ತೊಂಡೇಬಾವಿ, ಹಳದಿ ಫಲಕ, ನಾನು ಕೂತೇ ಇದ್ದೇನೆ, ಕಾಲು ಪೆಟ್ಟಿಗೆಗೆ ಅಂಟಿಕೊಂಡಿದೆ, ಅಜ್ಜಿ ಮುಖ ನೋಡಿದಳು, ಏನಪ್ಪಾ, ಇಲ್ಲೇ ಅಲ್ವಾ ನಿಂದು, ಆಗಿಂದ ಬಾಗ್ಲು ಕಡೇನೇ ನೋಡ್ತಿದೀಯಲ್ಲ, ಇಳಿ ಮತ್ತೆ. ಇಳಿದೆ.

ಸ್ಟೇಷನ್ನಿನಿಂದ ಮನೆಗೆ ಹತ್ತು ನಿಮಿಷದ ದಾರಿ, ಪೆಟ್ಟಿಗೆ ಹೊತ್ತು ಇಪ್ಪತ್ತಾಯಿತು, ಕೈ ಬದಲಾಯಿಸುತ್ತ, ನಿಲ್ಲುತ್ತ, ಮೇಸ್ತ್ರಿ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು, ಹೆಜ್ಜೆ ಸದ್ದಿಗೇ ತಲೆ ಎತ್ತಿ ಏಮ್ರಾ ವೇಣು, ಏನೋ ಭಾರ ಹೊತ್ಕೊಂಡು ಬಂದಂಗಿದೆ, ಎಂದು ನಕ್ಕರು, ತೆಲುಗಿನಲ್ಲಿ ಶುರು ಮಾಡಿದರೆ ಖುಷಿಯಾಗಿದ್ದಾರೆ ಎಂದೇ ಅರ್ಥ. ಪೆಟ್ಟಿಗೆ ಅವರ ಮುಂದಿಟ್ಟು ಮುಚ್ಚಳ ತೆಗೆದೆ, ಅವರು ಪಂಚೆಗೆ ಕೈ ಒರೆಸಿಕೊಂಡು ಬೆರಳಿಟ್ಟರು, ಸಾಲಿನಿಂದ ಸಾಲಿಗೆ, ಸಣ್ಣದರಿಂದ ದೊಡ್ಡದಕ್ಕೆ, ಒಂದೊಂದನ್ನೂ ಮುಟ್ಟಿ ನಂಬರು ಹೇಳುತ್ತ ಹೋದರು, ಒಂದೂ ತಪ್ಪಲಿಲ್ಲ, ಅಬ್ಬಬ್ಬಾ, ಒಂದೊಂದಕ್ಕೂ ಒಂದೊಂದು ಮನೆನಾ, ಲೇ ರಾಮಲಕ್ಷ್ಮಿ, ಬಾರೆ ಇಲ್ಲಿ, ನೋಡು ನಮ್ಮ ವೇಣು ಏನ್ ತಂದವ್ನೆ, ರಾಮಲಕ್ಷ್ಮಮ್ಮ ಸೆರಗಿಗೆ ಕೈ ಒರೆಸುತ್ತ ಬಂದು ಬಾಗಿಲಲ್ಲಿ ನಿಂತರು, ಮೇಸ್ತ್ರಿ ಕೊನೆಯ ಸಾಲು ಮುಟ್ಟಿ ಮುಗಿಸಿ ಅಭ್ಯಾಸಬಲದಿಂದ ಕೇಳಿದರು, ಎಲ್ಲಾ ಬಂತಾ. ಬಂತು ಮೇಸ್ತ್ರಿ ಎನ್ನಲು ಬಾಯಿ ತೆರೆದೆ, ಇಲ್ಲ ಮೇಸ್ತ್ರಿ ಎಂದು ಬಂತು. ಒಂದು ಬಂದಿರ್ಲಿಲ್ಲ, ನಗರಗೆರೆ ಟ್ರ್ಯಾಕ್ಟರ್‌ನಲ್ಲಿ, ನಂದು, ನಾನೇ ಒಳಗೆ ಬಿಟ್ಟಿದ್ದು, ನಿಮ್ಮ ಕಣ್ಣಲ್ಲ. ಅಷ್ಟೇ, ಮೂರು ವರ್ಷ ಹೊತ್ತದ್ದು ಒಂದು ಉಸಿರಿನಷ್ಟೂ ಉದ್ದವಿರಲಿಲ್ಲ. ಮೇಸ್ತ್ರಿ ಅವರೆಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದರು, ದೇವರ ಗೂಡಲ್ಲಿ ಇದೆಯಲ್ಲ, ತಗೊಂಬಾ, ಅಂದರು ಹೆಂಡತಿಗೆ, ಅವರು ಏನು ಎಂದು ಕೇಳಲಿಲ್ಲ, ಒಳಗೆ ಹೋಗಿ ತಂದು ನನ್ನ ಅಂಗೈಗೇ ಇಟ್ಟರು, ಡೊಂಕಾದ ಸ್ಪ್ಯಾನರ್, ನಡು ಬಾಗಿದೆ, ಎಣ್ಣೆ ಹಚ್ಚಿ ಇಟ್ಟಿದ್ದಾರೆ, ತುಕ್ಕಿಲ್ಲ, ಹಿಡಿಯ ಮೇಲೆ ಎರಡು ಗೀಟು, ಪಕ್ಕಪಕ್ಕ. ಇದಕ್ಕೆ ಕಣ್ಣು ಬೇಕೇನೋ, ಬೆರಳು ಸಾಲ್ದಾ, ಅಂದರು ಮೇಸ್ತ್ರಿ. ಅವತ್ತೇ ಗೊತ್ತಾಯ್ತಾ ಮೇಸ್ತ್ರಿ, ಎಂದೆ, ಕೈ ಹಾಕಿದಾಗ್ಲೇ ಗೊತ್ತಾಯ್ತು, ಅವತ್ತೇ ಅಂದಿದ್ರೆ ನಿನ್ ಕೈಗೆ ಯಾರಪ್ಪಾ ಇನ್ನೊಂದು ಟ್ರ್ಯಾಕ್ಟರ್ ಕೊಡ್ತಿದ್ರು, ಇನ್ನೂ ಕಲೀತಿದ್ದೆ ನೀನು, ನಾಳೆ ಬಂದು ಹೇಳ್ತಾನೆ ಅನ್ಕೊಂಡೆ, ಆಮೇಲೆ ಹಬ್ಬಕ್ಕೆ ಬಂದಾಗ ಅನ್ಕೊಂಡೆ, ಪ್ರತಿ ಹಬ್ಬಕ್ಕೂ ಇವಳು ಕೇಳೋಳು, ಹೇಳಿದ್ನಾ ಅಂತ, ಇಲ್ಲ ಕಣೇ, ಖಾರ ತಂದವ್ನೆ ಅನ್ನೋನು ನಾನು. ಅವರು ರೇಗಲಿಲ್ಲ, ರೇಗಿದ್ದರೆ ಚೆನ್ನಾಗಿತ್ತು, ನಾನು ಅವರ ಕಾಲು ಹಿಡಿದು ಅತ್ತೆ, ರಾಮಲಕ್ಷ್ಮಮ್ಮ ಏಳಪ್ಪಾ ಏಳು ಎಂದು ತಲೆ ಸವರಿದರು. ಬೋಲ್ಟು ಸಡಿಲ ಮಾಡಿ ಕೊಡಿ ಮೇಸ್ತ್ರಿ, ಶುಕ್ರವಾರ ಅಂಗಡಿ, ಎಂದೆ ಮೂಗು ಒರೆಸಿಕೊಂಡು. ಅವರು ಪೆಟ್ಟಿಗೆಗೆ ಕೈ ಹಾಕಿ ಹೊಸ ಹನ್ನೆರಡು-ಹದಿಮೂರನ್ನು ಎತ್ತಿದರು, ತಮ್ಮ ಜೇಬಿಗೆ ಇಳಿಸಿದರು, ಇದು ನನ್ ಹತ್ರ ಇರ್ಲಿ, ನಗರಗೆರೆಗೆ ಹೋಗಿ ಬಾ, ವೆಂಕಟರಾಯಪ್ಪನಿಗೆ ಹೇಳ್ಬಾ, ನಲ್ಲಪ್ಪ ಅಲ್ಲ, ನಾನು ಅಂತ, ಹೇಳಿ ಬಂದ್ಮೇಲೆ ಇದ್ರಲ್ಲೇ ಸಡಿಲ ಮಾಡ್ಕೊಡ್ತೀನಿ. ಅವ್ರು ಊರೆಲ್ಲಾ ಹೇಳ್ತಾರೆ ಮೇಸ್ತ್ರಿ, ಅಂದೆ, ಹೇಳ್ಲಿ ಬಿಡು, ನನ್ನದೂ ಊರೆಲ್ಲಾ ಹೇಳಿದ್ರಲ್ಲ.

ಈಗ ಗೌರಿಬಿದನೂರು ದಾಟಿದ ಬಸ್ಸು, ಪೆಟ್ಟಿಗೆಗೂ ಟಿಕೆಟ್ ತಗೋಬೇಕು ಕಣ್ರಿ ಎಂದು ಕಂಡಕ್ಟರ್ ಹರಿದುಕೊಟ್ಟ, ಎಲ್ಲಿಗೆ, ನಗರಗೆರೆ, ಈ ಸಲ ಬಾಯಿ ಕಟ್ಟಲಿಲ್ಲ, ಬಸ್ಸು ಬೈಪಾಸಿನಲ್ಲಿ ತಿರುಗುವಾಗ ನನ್ನ ಬೋರ್ಡು ಕಂಡಿತು, ನೀಲಿ ಬಣ್ಣ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು, ಶುಕ್ರವಾರ ಯಾರು ಬರುತ್ತಾರೋ, ಒಂದು ಟ್ರ್ಯಾಕ್ಟರಾದರೂ ಬರುತ್ತದೋ ಇಲ್ಲವೋ, ಸ್ಪ್ಯಾನರ್ ಒಳಗೆ ಬಿಟ್ಟು ಸುಳ್ಳು ಹೇಳಿದವನ ಅಂಗಡಿಗೆ, ಹೆದರಿಕೆ ಇದೆ, ಇಲ್ಲ ಅನ್ನಲಾರೆ, ಆದರೂ ಎದೆಯಲ್ಲಿ ಒಂದು ಬಗೆಯ ನಿರಾಳ, ಹೊಲಗಳು ಹಿಂದೆ ಹೋಗುತ್ತಿವೆ, ಜೋಳ ಎದೆಯುದ್ದ ಬೆಳೆದಿದೆ, ವೆಂಕಟರಾಯಪ್ಪನವರು ಈ ಹೊತ್ತಿಗೆ ಮನೆಯಲ್ಲೇ ಇರುತ್ತಾರೆ, ನಮಸ್ಕಾರ ಎನ್ನಬೇಕು, ಕೂತುಕೋ ಅಂದರೂ ಕೂರಬಾರದು, ನಿಂತೇ ಹೇಳಬೇಕು, ಮೊದಲ ಮಾತು ಏನು, ಅಣ್ಣ, ಆವತ್ತು ನಿಮ್ಮ ಟ್ರ್ಯಾಕ್ಟರ್ — ಅಲ್ಲ, ನಲ್ಲಪ್ಪ ಮೇಸ್ತ್ರಿ ಕಣ್ಣು — ಅಲ್ಲ, ನಾನು ಅಂತಲೇ ಶುರು ಮಾಡಬೇಕು, ನಾನು, ಡೊಂಕು ಸ್ಪ್ಯಾನರ್ ಅಂಗಿಯ ಜೇಬಿನಲ್ಲಿ ಎದೆಗೆ ಒತ್ತುತ್ತಿದೆ, ಅದನ್ನು ಹೊಸ ಅಚ್ಚಿನಲ್ಲಿ ಇಟ್ಟು ನೋಡಿದ್ದೆ, ಕೂರುವುದಿಲ್ಲ, ಬಾಗಿದ್ದು ಹೇಗೆ ಕೂತೀತು, ಬಸ್ಸು ಗುಂಡಿಯಲ್ಲಿ ಎಗರಿತು, ಪೆಟ್ಟಿಗೆಯ ಚಿಲಕ ಬಿಚ್ಚಿಕೊಂಡು ಮುಚ್ಚಳ ಎದ್ದಿತು, ಮುಚ್ಚಲು ಬಾಗಿದೆ, ಕಪ್ಪು, ಉಕ್ಕು, ಕಪ್ಪು, ಉಕ್ಕು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿ, ಎಲ್ಲಾ ಬಂತಾ, ಸಾಲಿನ ನಡುವೆ ಒಂದು ಕಡೆ ಕೆಂಪು, ಅಲ್ಲೊಂದೇ ಕಡೆ, ಸ್ಪ್ಯಾನರಿನ ಆಕಾರದ ಕೆಂಪು, ಕೆಂಪು