ಚಾಕು ಕೆಳಗಿಡಿ ಸರ್

ಮೂರು ದಿನದ ತರಬೇತಿಯಲ್ಲಿ ಎರಡು ದಿನ ಹೇಗೋ ಕಳೆದಿತ್ತು. ಎದುರಿಗೆ ಇಪ್ಪತ್ತು ಮಂದಿ ಹಿರಿಯ ಪಶುವೈದ್ಯರು. ಪಾಠ ಮಾಡುವವಳೇ ಎಲ್ಲರಿಗಿಂತ ಚಿಕ್ಕವಳು. ದನಕರುಗಳಿಂದ ಮನುಷ್ಯರಿಗೆ ಹರಡುವ ರೋಗಗಳ ಬಗ್ಗೆ ಅವಳು ಹೇಳುತ್ತಿದ್ದರೆ ಹಿಂದಿನ ಸಾಲಿನಲ್ಲಿ ಮೀಸೆ ಡಾಕ್ಟ್ರು ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕಾಲೇಜಿನಲ್ಲಿ ಅವಳಿಗೆ ಚಾಕು ಹಿಡಿಯೋದು ಕಲಿಸಿದವರೇ ಅವರು. "ಏನಮ್ಮಾ, ಈಗ ನೀನು ನನಗೆ ಮಾರ್ಕ್ಸ್ ಹಾಕ್ತೀಯಾ?" ಎಂದು ಮೊದಲ ದಿನವೇ ಎಲ್ಲರನ್ನೂ ನಗಿಸಿದ್ದರು. ಅವಳೂ ನಕ್ಕಿದ್ದಳು.

ಮೂರನೆಯ ಬೆಳಿಗ್ಗೆ ಎಲ್ಲರನ್ನೂ ಕಸಾಯಿಖಾನೆಗೆ ಕರೆದೊಯ್ದಳು. ದೊಡ್ಡಿಯ ಮೂಲೆಯಲ್ಲಿ ಒಂದು ಕೋಣ ಸತ್ತು ಬಿದ್ದಿತ್ತು.

"ಈಗ ತಾನೇ ಚೆನ್ನಾಗಿ ನಿಂತಿತ್ತು ಮೇಡಂ," ಅಂದ ಕಸಾಯಿಖಾನೆಯ ಮೇಸ್ತ್ರಿ.

"ಹೊಟ್ಟೆ ಉಬ್ಬರ, ಇನ್ನೇನು! ಕೊಯ್ದು ತೋರಿಸ್ತೀನಿ ಬನ್ನಿ. ಎರಡು ದಿನ ಬರೀ ಪರದೆ ನೋಡಿದ್ದಾಯ್ತು." ಮೀಸೆ ಡಾಕ್ಟ್ರು ತೋಳು ಮಡಚಿ, ಮೇಸ್ತ್ರಿಯ ಕೈಯಿಂದ ಚಾಕು ಇಸಕೊಂಡು ಕೋಣದ ಹೊಟ್ಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತರು.

ಅವಳು ತಲೆಯ ಕಡೆಗೆ ಹೋದಳು. ಮೂಗಿನಿಂದ ಕಪ್ಪು ರಕ್ತ ಇಳಿದಿತ್ತು, ಹೆಪ್ಪುಗಟ್ಟಿರಲಿಲ್ಲ.

"ಚಾಕು ಕೆಳಗಿಡಿ ಸರ್."

"ಮೂವತ್ತು ವರ್ಷದಿಂದ ಇದೇ ಕೆಲಸ ಮಾಡಿದೀನಮ್ಮಾ."

ಚಾಕುವಿನ ತುದಿ ಚರ್ಮಕ್ಕೆ ತಾಗಿತ್ತು. ಅವಳು ದಾಪುಗಾಲು ಹಾಕಿ ಬಂದು ಗುರುಗಳ ಮಣಿಕಟ್ಟು ಹಿಡಿದುಬಿಟ್ಟಳು. ಅವರ ಮುಖ ಕೆಂಪೇರಿತು.

"ಕೈ ಬಿಡು."

"ಬಿಡಲ್ಲ ಸರ್. ಮೂಗು ನೋಡಿ. ಆಂಥ್ರಾಕ್ಸ್ ಆಗಿದ್ರೆ? ಒಮ್ಮೆ ಕೊಯ್ದ್ರೆ ರೋಗಾಣು ಮಣ್ಣಿಗಿಳಿದು ಈ ನೆಲ ನಮ್ಮ ಮೊಮ್ಮಕ್ಕಳ ಕಾಲಕ್ಕೂ ವಿಷವೇ."

ಅವರು ಕತ್ತು ಚಾಚಿ ನೋಡಿದರು. ಚಾಕು ತಾನಾಗಿ ಕೆಳಗಿಳಿಯಿತು.

ಕೈಗವಸು ತೊಟ್ಟು ಕಿವಿಯಿಂದ ಒಂದೇ ಹನಿ ರಕ್ತ ತೆಗೆದು ಗಾಜಿಗೆ ಸವರಿ, ಬಣ್ಣ ಹಾಕಿ, ಪಕ್ಕದ ಪುಟ್ಟ ಕೋಣೆಯ ಸೂಕ್ಷ್ಮದರ್ಶಕದಲ್ಲಿ ಇಟ್ಟಳು. ನೀಲಿ ಕಡ್ಡಿಗಳಂಥ ರೋಗಾಣು, ಸುತ್ತ ಗುಲಾಬಿ ಅಂಚು. ಪಕ್ಕಕ್ಕೆ ಸರಿದಳು. ಮೀಸೆ ಡಾಕ್ಟ್ರು ಬಗ್ಗಿ ನೋಡಿದರು.

"ಆಂಥ್ರಾಕ್ಸೇ," ಅಂದರು.

ಅವಳು ಗೇಟು ಹಾಕಿಸಿದಳು. ಸತ್ತ ಕೋಣವನ್ನೂ ಜೊತೆಯ ಕೋಣಗಳನ್ನೂ ಊರಿಂದ ಹೊಡೆದುಕೊಂಡು ಬಂದಿದ್ದವನು ಬೆವರು ಸುರಿಸುತ್ತ ನಿಂತಿದ್ದ. ಊರಲ್ಲಿ ಮತ್ಯಾವುದಾದರೂ ಸತ್ತಿತ್ತಾ ಎಂದು ಅವಳು ಎಷ್ಟು ಕೇಳಿದರೂ ಅವನು ಜಪ್ಪಯ್ಯ ಅನ್ನಲಿಲ್ಲ. ಊರಲ್ಲಿರೋ ಇಡೀ ಹಿಂಡನ್ನು ಕೊಂದುಬಿಡ್ತಾರೆ ಅನ್ನೋ ಭಯ.

ಆಗ ಮೀಸೆ ಡಾಕ್ಟ್ರು ಅವನ ಪಕ್ಕ ಹೋಗಿ ನಿಂತರು. "ಇಂಥ ಸೆಕೆಯಲ್ಲಿ ಅಂಗಿಯ ಒಂದೇ ತೋಳು ಇಳಿಸಿ ಗುಂಡಿ ಹಾಕಿದ್ದು ಯಾಕಪ್ಪಾ ತಮ್ಮಾ? ಸ್ವಲ್ಪ ಮೇಲೆತ್ತು."

"ಮುಳ್ಳು ಚುಚ್ಚಿದ್ದು ಸಾಹೇಬ್ರೇ."

ಮುಂಗೈ ಮೇಲೆ ಇದ್ದಿಲಿನಂಥ ಕಪ್ಪು ಹಕ್ಕಳೆ, ಸುತ್ತ ಊತ.

"ನೋವಿದೆಯಾ?"

"ಸ್ವಲ್ಪಾನೂ ಇಲ್ಲ."

"ಅದೇ ಕೆಟ್ಟದ್ದು ಮಾರಾಯಾ, ಈ ರೋಗದ ಗಾಯ ನೋಯೋದಿಲ್ಲ. ಹಿಂಡನ್ನ ಯಾರೂ ಕೊಲ್ಲಲ್ಲ, ಲಸಿಕೆ ಹಾಕ್ತೀವಿ. ಏನಾಯ್ತು ಹೇಳು. ನಿನ್ನ ಜೊತೆ ಇನ್ಯಾರಿದ್ರು?"

"ಹೋದ ವಾರ ಒಂದು ಸತ್ತಿತ್ತು, ಸುಲಿದೆ. ನಮ್ಮ ತಂಗಿ ಕೈ ಹಚ್ಚಿದ್ಲು. ನಿನ್ನೆಯಿಂದ ಜ್ವರ ಅಂತ ಮಲಗಿಬಿಟ್ಟಿದ್ದಾಳೆ."

ಶಿಷ್ಯೆ ಆಗಲೇ ಆಂಬುಲೆನ್ಸ್‌ಗೆ ಫೋನ್ ಮಾಡುತ್ತಿದ್ದಳು. ವಿಳಾಸವನ್ನು ಮೀಸೆ ಡಾಕ್ಟ್ರು ಅವನಿಂದ ಕೇಳಿ ಕೇಳಿ ಹೇಳಿದರು.

ಆ ಮಧ್ಯಾಹ್ನ ಪಾಠ ನಡೆಯಲಿಲ್ಲ. ಹಿರಿಯರು ತಂಡ ತಂಡವಾಗಿ ಹಿಂಡಿನ ಊರಿಗೆ ಲಸಿಕೆ ಹಿಡಿದು ಹೊರಟರು. ಕೋಣವನ್ನು ಇಡಿಯಾಗಿಯೇ ಆಳವಾದ ಗುಂಡಿಗಿಳಿಸಿ ಸುಣ್ಣ ಸುರಿಸುವವರೆಗೂ ಗುರು ಶಿಷ್ಯೆ ಅಲ್ಲೇ ನಿಂತಿದ್ದರು.

"ಮೂಗು ನೋಡದೆ ಚಾಕು ಮುಟ್ಟಬೇಡ ಅಂತ ನಿನಗೆ ಹೇಳಿಕೊಟ್ಟವನು ನಾನೇ ಅಲ್ವಾ?"

"ಹೌದು ಸರ್."

"ಇಷ್ಟು ಜನ ನೋಡ್ತಿದ್ರಲ್ಲ... ದೊಡ್ಡಸ್ತಿಕೆ ತಲೆಗೇರಿತ್ತು ಕಣಮ್ಮಾ."

ಕೋಣ ತಂದಿದ್ದ ಅಣ್ಣ ಆಸ್ಪತ್ರೆಯಲ್ಲಿ ವಾರದಲ್ಲಿ ಚೇತರಿಸಿಕೊಂಡ. ತಂಗಿ ಹನ್ನೊಂದು ದಿನ ಸಾವು ಬದುಕಿನ ನಡುವೆ ಹೊಯ್ದಾಡಿ, ಹನ್ನೆರಡನೆಯ ದಿನ ಎದ್ದು ಕೂತು ನೀರು ಕೇಳಿದಳು. ಅದನ್ನು ಶಿಷ್ಯೆಗೆ ಫೋನಿನಲ್ಲಿ ಮೊದಲು ತಿಳಿಸಿದವರು ಮೀಸೆ ಡಾಕ್ಟ್ರೇ. ದಿನವೂ ಆಸ್ಪತ್ರೆಗೆ ಹೋಗಿ ಬರುತ್ತಿದ್ದರಂತೆ.